ಎಡತೋಳಿನ ಅಳತೆ

ಮೊನ್ನೆ ನಾವು ಈಗಿರುವ ಖಾಲಿದಿಯಾ ಬಡಾವಣೆಯ ಕಟ್ಟಡದ ಲಿಫ್ಟಿನಲ್ಲಿ, ನೋವಿನ ಮುಲಾಮು ಹಚ್ಚಿಕೊಂಡ ಯಾರೋ ಇಳಿದುಹೋಗಿದ್ದರು. ಅವರು ಹೋಗಿದ್ದರು, ವಾಸನೆ ಹೋಗಿರಲಿಲ್ಲ. ಕರ್ಪೂರ, ಲವಂಗ, ಅವುಗಳ ಅಡಿಯಲ್ಲಿ ನನಗೆ ಹೆಸರು ಗೊತ್ತಿಲ್ಲದ ಯಾವುದೋ ಬೇರಿನ ಘಾಟು. ಮಹಡಿಯ ಗುಂಡಿ ಒತ್ತುವುದನ್ನು ಮರೆತು ನಿಂತುಬಿಟ್ಟೆ. ಪಾಪ, ಲಿಫ್ಟೂ ನನ್ನ ಜೊತೆ ನಿಂತಿತು. ನಿಮಗೂ ಹೀಗಾಗುವುದುಂಟಲ್ಲ? ಕೈಯಲ್ಲಿ ತರಕಾರಿ ಚೀಲ, ಮನಸ್ಸು ಇನ್ನೆಲ್ಲೋ.

ಅದು ಮೇಹುವಾಳ ವಾಸನೆ.

ಎಕ್ಸ್‌ಪೋ ಮೇಳ ಬರುತ್ತದೆ, ಎಕ್ಸ್‌ಪೋ ಬರುತ್ತದೆ ಎಂದು ದುಬೈಯಲ್ಲಿ ಎಲ್ಲರೂ ಹೇಳುತ್ತಿದ್ದ ಕಾಲ. ನಾವು ಆಗ ಇಂಟರ್‌ನ್ಯಾಷನಲ್ ಸಿಟಿಯಲ್ಲಿದ್ದೆವು. ಅಲ್ಲಿ ಕಟ್ಟಡಗಳ ಗುಂಪಿಗೆಲ್ಲ ದೇಶಗಳ ಹೆಸರು. ನಮಗೆ ಸಿಕ್ಕಿದ್ದು ಚೀನಾ. "ಉಡುಪಿಯಲ್ಲಿ ಹತ್ತಿ ಚೀನಾದಲ್ಲಿ ಇಳಿದೆವು" ಎಂದು ನನ್ನ ಯಜಮಾನರು ಊರಿಗೆ ಫೋನು ಮಾಡಿದಾಗಲೆಲ್ಲ ಹೇಳಿ, ತಾವೇ ಮೊದಲು ನಗುತ್ತಿದ್ದರು. ನಮ್ಮ ಎದುರು ಬಾಗಿಲಿನ ಮೇಹುವಾ ಮಾತ್ರ ನಿಜವಾಗಿ ಚೀನಾದವಳು. ಸುಮಾರು ನಲವತ್ತು ವಯಸ್ಸಿನ, ಎತ್ತರದ ಹೆಂಗಸು, ಒಂಟಿ. ಬೇಸಿಗೆಯಲ್ಲೂ ಮಣಿಕಟ್ಟಿನವರೆಗೆ ತೋಳಿರುವ ಸಡಿಲ ಅಂಗಿ ಹಾಕುತ್ತಿದ್ದಳು. ಹತ್ತಿರದ ಮಾರುಕಟ್ಟೆಯಲ್ಲಿ ತನ್ನ ನೆಂಟರೊಬ್ಬರ ಅಂಗಡಿಯಲ್ಲಿ ಪರದೆ ಬಟ್ಟೆ ಮಾರುತ್ತಿದ್ದಳು. ಉಳಿದ ತುಂಡುಗಳನ್ನು ನನಗೆ ತಂದುಕೊಡುವಳು, ನಾನು ಮನೆಯಲ್ಲೇ ಹೊಲಿಯುತ್ತೇನೆಂದು ಗೊತ್ತಿತ್ತು.

ಅವಳ ಇಂಗ್ಲಿಷ್ ತುಂಡು ತುಂಡು. ನನ್ನದು ಕಾನ್ವೆಂಟಿನದು. "ಒಂದು ಲೋಟ ಚಹಾ ಕುಡಿಯಲು ನಿಮ್ಮ ಅಭ್ಯಂತರವಿಲ್ಲವೆಂದು ಭಾವಿಸುತ್ತೇನೆ" ಎಂಬಂಥದ್ದೇನೋ ನಾನು ಹೇಳಿದರೆ ಅವಳು ಕಣ್ಣು ಚಿಕ್ಕದು ಮಾಡಿ, "ನೀನು ಪ್ರಶ್ನೆಪತ್ರಿಕೆ ಥರ ಮಾತಾಡ್ತೀ" ಅನ್ನುವಳು.

ಜನವರಿಯ ಒಂದು ಸಂಜೆ ಅವಳು ನೀಲಿ ರೇಷ್ಮೆಯ ಬಟ್ಟೆ ತಂದಳು. ಮುಂದಿನ ತಿಂಗಳು ಒಂದು ಸಮಾರಂಭವಿದೆ, ಮೈಗೆ ಕೂರುವ ಉಡುಪು ಬೇಕು, ತೋಳು ಉದ್ದವಿರಬೇಕು. ಏನು ಸಮಾರಂಭ ಎಂದದ್ದಕ್ಕೆ, "ಹಳೇ ಕೆಲಸದವರು" ಎಂದಳು. ಹೋಗಲೋ ಬೇಡವೋ ಇನ್ನೂ ನಿರ್ಧರಿಸಿಲ್ಲವಂತೆ.

ನನಗೆ ಹೊಲಿಗೆ ಕಲಿಸಿದ ಕಾನ್ವೆಂಟಿನ ಸಿಸ್ಟರ್ ಒಂದು ನಿಯಮ ಹೇಳಿಕೊಟ್ಟಿದ್ದರು. ತೋಳಿನ ಅಳತೆಯನ್ನು ಬಲಗೈಯಿಂದಲೇ ತೆಗೆಯಬೇಕು. ಅದು ದುಡಿಯುವ ಕೈ, ಒಂದೆಳೆ ದಪ್ಪ. ಅದು ತೂರಿದರೆ ಇನ್ನೊಂದು ತಾನಾಗಿ ತೂರುತ್ತದೆ. ಆ ನಿಯಮ ಅಷ್ಟು ವರ್ಷ ನನ್ನನ್ನು ಕೈಬಿಟ್ಟಿರಲಿಲ್ಲ. ಅಂಗಿಯ ಮೇಲಿನಿಂದಲೇ ಬಲತೋಳಿಗೆ ಟೇಪು ಸುತ್ತಿದೆ, ಬರೆದುಕೊಂಡೆ, ಮುಗಿಯಿತು. ಸಣ್ಣಪುಟ್ಟದೆಲ್ಲ ನನ್ನ ಕಣ್ಣಿಗೆ ಬೀಳುತ್ತದೆ ಎಂಬ ಜಂಬ ಬೇರೆ. ಅವಳು ಅಂಗಡಿಯಲ್ಲಿ ಬಿಲ್ಲು ಬರೆಯುವುದು ಎಡಗೈಯಲ್ಲಿ ಎಂದು ಯಾವತ್ತೋ ಗಮನಿಸಿದ್ದೆ. ಗಮನಿಸಿದ್ದು ಟೇಪು ಹಿಡಿದಾಗ ನೆನಪಾಗಬೇಕಲ್ಲ!

ಅವಳು ಎಡಚಿ ಎಂಬುದನ್ನು ನನಗಿಂತ ಹೆಚ್ಚು ಗಮನಿಸಿದವರು ನನ್ನ ಅತ್ತೆ. ವಿಸಿಟ್ ವೀಸಾದಲ್ಲಿ ಬಂದು ನಮ್ಮ ಜೊತೆಗಿದ್ದರು. ಅವರಿಗೆ ಇದ್ದ ಒಂದೇ ಚಿಂತೆ ನಮ್ಮ ಆರು ವರ್ಷದ ನಿಧಿಯ ಎಡಗೈ. ಪೆನ್ಸಿಲು, ಬಾಚಣಿಗೆ, ಅನ್ನ ಎಲ್ಲಕ್ಕೂ ಅವಳ ಎಡಗೈಯೇ ಮುಂದು.

"ಪೆನ್ಸಿಲು ಬೇಕಾದ್ರೆ ಹಿಡೀಲಿ ಮಾರಾಯ್ತಿ. ಉಣ್ಣುವುದು ಹೀಗೆಯಾ? ನಾಳೆ ಮದುವೆಮನೆಯಲ್ಲಿ ಪಂಕ್ತಿಗೆ ಕೂತ್ರೆ ಪಕ್ಕದವರು ಎಲೆ ಬಿಟ್ಟು ಏಳ್ಲಿಕ್ಕಿಲ್ವಾ?"

ಅದಕ್ಕೊಂದು ಆಟ ಹುಡುಕಿದ್ದರು. ಎಡಗೈ ಕಳ್ಳ, ಊಟದ ಹೊತ್ತಿಗೆ ಅವನಿಗೆ ಜೈಲು. ತಮ್ಮ ಕರವಸ್ತ್ರದಿಂದ ಅವಳ ಮಣಿಕಟ್ಟನ್ನು ಕುರ್ಚಿಯ ಕೈಗೆ ಮೆತ್ತಗೆ ಕಟ್ಟುತ್ತಿದ್ದರು. ಮೊದಮೊದಲು ನಿಧಿ ಕೇಕೆ ಹಾಕಿ ನಗುತ್ತಿದ್ದಳು. ಆಮೇಲೆ ನಗು ನಿಂತಿತು. ಇನ್ನಷ್ಟು ಅನ್ನ ಹಾಕು ಎಂದು ಅವಳು ಕೇಳುವುದೂ ನಿಂತಿತು. ಒಂದು ದಿನ ಶಾಲೆಯ ಬಸ್ಸಿನ ಕಿಟಕಿಯಲ್ಲಿ ನೋಡುತ್ತೇನೆ, ಕೂಸು ಎಡಗೈಯ ಮೇಲೆ ಕೂತಿದೆ. ಕಟ್ಟುವವರು ಯಾರೂ ಇಲ್ಲದ ಕಡೆಯಲ್ಲೂ. ಯಜಮಾನರಿಗೆ ಹೇಳಿದೆ. "ಅಮ್ಮ ಅಲ್ವಾ, ಪ್ರೀತಿಯಿಂದ ಮಾಡುವುದು" ಎಂದರು. ಅದೂ ಸುಳ್ಳಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಮೇಹುವಾ ಉಡುಪನ್ನು ಹಾಕಿ ನೋಡಲು ಬಂದಳು. ಬಲತೋಳು ಹೂವಿನ ಹಾಗೆ ತೂರಿತು. ಎಡತೋಳು ಮೊಣಕೈಯ ಕೆಳಗೇ ನಿಂತುಬಿಟ್ಟಿತು. ಎಳೆದೆ. ಹೊಲಿಗೆ ಚಟ್ಟೆಂದಿತು. ಬಟ್ಟೆ ಹಿಂದಕ್ಕೆ ಸರಿದಾಗ ನೋಡಿದೆ: ಅದು ಅವಳ ಇನ್ನೊಂದು ಕೈಯ ಜೋಡಿಯೇ ಅಲ್ಲ. ಒಂದೇ ಮೈಗೆ ಇಬ್ಬರ ಕೈ ಜೋಡಿಸಿದ ಹಾಗೆ. ಭುಜದಲ್ಲಿ ಉದ್ದಕ್ಕೆ ಹಳೆಯ ಶಸ್ತ್ರಚಿಕಿತ್ಸೆಯ ಗೆರೆ, ಅದರ ಮೇಲೆ ಮುಲಾಮಿನ ಹೊಳಪು.

"ಟೆನಿಸ್," ಎಂದಳು ಅವಳು, ಯಾವುದೋ ಕಾಯಿಲೆಯ ಹೆಸರು ಹೇಳುವಂತೆ.

ನಾನು ಮಂಚದ ಮೇಲೆ ಕೂತೆ. ಹವ್ಯಾಸಕ್ಕೆ ಆಡಿದವಳಲ್ಲ. ದೇಶದ ತಂಡದಲ್ಲಿ ಡಬಲ್ಸ್ ಆಡಿದವಳು. ಆಸ್ಟ್ರೇಲಿಯಾ, ಫ್ರಾನ್ಸ್, ಇದೇ ದುಬೈ. ಟಿವಿಯಲ್ಲಿ ಬಂದಿದ್ದಾಳೆ, ಕಪ್ ಎತ್ತಿದ್ದಾಳೆ. ಭುಜ ಹೋದ ಮೇಲೆ ಬೇರೆ ಕೆಲಸ ಗೊತ್ತಿರಲಿಲ್ಲ, ಪರದೆ ಮಾರಲು ಬಂದಳು. ಫೆಬ್ರವರಿಯ ಟೂರ್ನಿಗೆ ಹಳೆಯ ಆಟಗಾರರನ್ನು ಕರೆದಿದ್ದಾರೆ, ಅದೇ ಆ ಸಮಾರಂಭ. ಇಂಥವಳ ಎದುರು ನಾನು ಒಮ್ಮೆ, ಬೆಳಗ್ಗೆ ನಡೆದಾಡಿದರೆ ಮೈಗೆ ಒಳ್ಳೆಯದು ಎಂದು ಉಪದೇಶ ಮಾಡಿದ್ದೆ!

"ಇಲ್ಲೇ ಎಷ್ಟು ಮಕ್ಕಳು ಕಲಿಯಲು ಕಾಯುತ್ತಿದ್ದಾರೆ. ನೀನು ಕಲಿಸಬಹುದಲ್ಲ?" ಎಂದೆ.

"ಬೇರೆಯವರ ಮಗುವಿನ ಕೈ ನಾನು ಮುಟ್ಟುವುದಿಲ್ಲ."

ಅರ್ಥವಾಗಲಿಲ್ಲ. ಹೊಲಿಗೆ ಬಿಟ್ಟ ತೋಳು ನೋಡಿ ನಾಚಿಕೆಯಿಂದ ಹೇಳಿದೆ, "ತಪ್ಪು ನನ್ನದು. ನೀನು ಎಡಗೈಯವಳು, ಎಡತೋಳನ್ನೇ ಅಳೆಯಬೇಕಿತ್ತು."

"ನಾನು ಎಡಗೈಯವಳಲ್ಲ," ಎಂದಳು. "ಹುಟ್ಟಿದ್ದು ಬಲಗೈ."

ಹೇಗೆ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹಾಲಿನಿಂದ ಅತ್ತೆಯ ದನಿ: "ಕಳ್ಳನನ್ನು ಜೈಲಿಗೆ ಹಾಕಿ ಆಯ್ತು, ಪೊಲೀಸಪ್ಪ ಉಣ್ಲಿ ಈಗ!"

ತೆರೆದ ಬಾಗಿಲಿನಿಂದ ಮೇಹುವಾ ಅತ್ತ ನೋಡಿದಳು. ಒಂದು ತೋಳು ಹೊಲಿಗೆ ಬಿಟ್ಟು ಜೋಲುತ್ತಿದ್ದಂತೆಯೇ ಎದ್ದು ಹೋದಳು. ನಿಧಿಯ ಕುರ್ಚಿಯ ಬಳಿ ಮಂಡಿಯೂರಿದಳು. ಆ ದಪ್ಪ ಕೈಗೆ ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ. ಕೊನೆಗೆ ಹಲ್ಲಿನಿಂದ ಕಚ್ಚಿ ಬಿಚ್ಚಿದಳು.

"ಆಂಟಿ, ಇಟ್ಸ್ ಓನ್ಲಿ ಅ ಗೇಮ್," ಎಂದಿತು ಮಗು, ಅವಳನ್ನು ಸಮಾಧಾನ ಮಾಡುವ ಹಾಗೆ.

"ನನಗೂ ಹಾಗೇ ಹೇಳಿದ್ದರು," ಎಂದಳು ಮೇಹುವಾ.

ಅತ್ತೆ ಅನ್ನದ ಕೈ ಹಾಗೇ ಹಿಡಿದು ನನ್ನನ್ನು ನೋಡಿದರು. "ಎಂತ ಹೇಳುವುದು ಇವಳು?"

ಅವಳು ತುಂಡು ತುಂಡಾಗಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಅತ್ತೆಗೆ ಹೇಳುತ್ತ ಹೋದೆ. ಏಳು ವರ್ಷಕ್ಕೆ ಕ್ರೀಡಾಶಾಲೆ. ಅಲ್ಲಿ ಬಲಗೈ ಹುಡುಗಿ ಒಬ್ಬಳಿದ್ದಳು, ಚೆನ್ನಾಗಿ ಆಡುವವಳು. ಜೋಡಿಗೆ ಎಡಗೈಯವಳು ಬೇಕಿತ್ತು, ಇರಲಿಲ್ಲ. ಎತ್ತರವಿದ್ದವಳು ಇವಳು. ಕೋಚ್ ಇವಳ ಬಲಗೈಯನ್ನು ಟವೆಲ್ಲಿನಿಂದ ಸೊಂಟಕ್ಕೆ ಕಟ್ಟಿದರು. ಆಟದಲ್ಲಿ, ಪಾಠದಲ್ಲಿ, ಊಟದಲ್ಲಿ. ಕೋಚ್ ಕೆಟ್ಟವರಲ್ಲ, ಹಣ್ಣು ಸುಲಿದು ಬಾಯಿಗೆ ಹಾಕುತ್ತಿದ್ದರು. ಟವೆಲ್ಲು ಬಿಚ್ಚಿದ ದಿನ ಬಲಗೈಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ.

"ಕಪ್ ಎತ್ತಿದ್ದು ಈ ಕೈ," ಎಂದು ಎಡತೋಳು ತೋರಿಸಿದಳು. "ಇದು ಅವರದು."



ಅತ್ತೆ ಇನ್ನೊಂದು ಕುರ್ಚಿ ಎಳೆದು, "ಅವಳಿಗೂ ಒಂದು ಬಟ್ಟಲು ಹಾಕು. ಉಣ್ಲಿ," ಎಂದರು. ಅನ್ನ, ಸಾರು, ಬೆಂಡೆಕಾಯಿ ಪಲ್ಯ. ಚಮಚ ತರಲು ನಾನು ಎದ್ದೆ. ಅಷ್ಟರಲ್ಲಿ ಅವಳು ನಮ್ಮನ್ನು ನೋಡಿ ಕೈಯಿಂದಲೇ ಉಣ್ಣಲು ಹೊರಟಿದ್ದಳು, ಜೀವಮಾನದಲ್ಲಿ ಮೊದಲ ಸಲ. ಬಟ್ಟಲಿನತ್ತ ಹೋದದ್ದು ಬಲಗೈ.

ತಾನೇ ಬೆಚ್ಚಿ ಬೆರಳುಗಳನ್ನು ನೋಡಿಕೊಂಡಳು. ಕಡ್ಡಿ ಹಿಡಿದು ಉಣ್ಣಲು ಅವಳ ಎಡಗೈಗೆ ಕಲಿಸಿದ್ದರು, ಬರಿಗೈಯಲ್ಲಿ ಅನ್ನ ಹಿಡಿಯುವುದನ್ನು ಯಾರೂ ಕಲಿಸಿರಲಿಲ್ಲ ನೋಡಿ. ಯಾರೂ ಹೇಳಿಕೊಡದ ಕೆಲಸಕ್ಕೆ ಇಷ್ಟು ವರ್ಷಗಳ ಮೇಲೂ ಆ ಕೈ ತಾನಾಗಿ ಎದ್ದು ಬಂದಿತ್ತು. ಅವಳು ನಗುತ್ತಿದ್ದಳು, ಕಣ್ಣೀರು ಸಾರಿಗೆ ಬೀಳುತ್ತಿತ್ತು. ಎದುರಿಗೆ ನಿಧಿ ಎಡಗೈಯಲ್ಲಿ ದೊಡ್ಡ ತುತ್ತು ಕಲಸಿ, ಅಜ್ಜಿಯ ಮುಖ ನೋಡುತ್ತ ಕೂತಳು.

"ಎಂತ ನೋಡುವುದು? ಉಣ್ಣು," ಎಂದರು ಅತ್ತೆ. ಕರವಸ್ತ್ರ ಎತ್ತಿ ಮೂಗು ಒರೆಸಿ ಸೊಂಟಕ್ಕೆ ಸಿಕ್ಕಿಸಿದರು. ಅದು ಮತ್ತೆ ಊಟದ ಮೇಜಿಗೆ ಬರಲಿಲ್ಲ.

ಎಡತೋಳನ್ನು ಅಗಲ ಮಾಡಿಕೊಡುತ್ತೇನೆಂದೆ. ಮೇಹುವಾ ಬೇಡವೆಂದಳು. "ಎರಡೂ ಕತ್ತರಿಸು. ನೋಡಲಿ ಅವರು." ಸಮಾರಂಭದ ದಿನ ತೋಳಿಲ್ಲದ ಆ ನೀಲಿ ಉಡುಪಿನಲ್ಲೇ ಅವಳು ಟೆನಿಸ್ ಅಂಗಳಕ್ಕೆ ಇಳಿದಳು. ಮರುವರ್ಷ ಅಂಗಡಿ ಮುಚ್ಚಿತು, ವೀಸಾ ಖಲಾಸ್. ಉಳಿದ ಮುಲಾಮಿನ ಡಬ್ಬಿಯನ್ನು ಅತ್ತೆಯ ಮಂಡಿನೋವಿಗೆಂದು ಕೊಟ್ಟು ಊರಿಗೆ ಹೋದಳು.

ಲಿಫ್ಟಿನಿಂದ ಮನೆಗೆ ಬಂದರೆ ನಿಧಿ ಕಾಯುತ್ತಿದ್ದಳು. ಶಾಲೆಯ ನೃತ್ಯಕ್ಕೆ ರವಿಕೆ ಬೇಕಂತೆ, ಈಗಲೇ ಬೇಕಂತೆ. ಟೇಪು ತೆಗೆದೆ. ಎಡತೋಳು ಅಳೆದೆ. ಬಲತೋಳು ಅಳೆದೆ.

"ವೈ ಬೋತ್, ಅಮ್ಮಾ? ಸೇಮ್ ಅಲ್ವಾ?"

"ನಿಲ್ಲು ಸುಮ್ಮನೆ," ಎಂದು ಇನ್ನೊಮ್ಮೆ ಸುತ್ತಿ ನೋಡಿದೆ. ಎಡದ್ದು ಒಂದೆಳೆ ದಪ್ಪ, ಅಷ್ಟೇ. ಎರಡೂ ಅವಳವೇ.