ಕುಸುಮ ಉಂಡ ಬಿಳಿ ಸಾರು

ಎಂಟು ವರ್ಷದ ಒಬ್ಬ ಹುಡುಗಿಯನ್ನು ನಾನು ಸುಳ್ಳುಗಾತಿಯನ್ನಾಗಿ ಮಾಡಿದೆ. ಅವಳು ಹೇಳಿದ್ದು ನಿಜ. ಸುಳ್ಳು ಹೇಳಿದವಳು ನಾನು — ಅವಳ ತಾಯಿಯ ಎದುರಿಗೆ, ಅವಳ ಮುಖ ನೋಡಿಕೊಂಡೇ ಹೇಳಿದೆ. ಇದನ್ನು ಇಷ್ಟು ವರ್ಷಗಳಲ್ಲಿ ಒಬ್ಬಳ ಮುಂದೆ ಮಾತ್ರ ಬಾಯಿಬಿಟ್ಟಿದ್ದೇನೆ. ಆ ಒಬ್ಬಳಿಗೆ ಹೇಳಿದ್ದಾದರೂ ತೀರ ತಡವಾಗಿ.

ಇಸವಿ ಸಾವಿರದ ಒಂಬೈನೂರ ಐವತ್ತೆಂಟೋ ಐವತ್ತೊಂಬತ್ತೋ ಇರಬೇಕು. ಗೋಕಾಕದ ಕಡೆಯ ಹಳ್ಳಿಯಿಂದ ನಾವು ಇಚಲಕರಂಜಿಗೆ ಬಂದು ಕೆಲವೇ ವರ್ಷಗಳಾಗಿದ್ದವು. ನಮ್ಮವರು ಕಾರಖಾನೆಯಲ್ಲಿ ಮಗ್ಗ ನಡೆಸುತ್ತಿದ್ದರು; ನಾನು ಮನೆಯಲ್ಲಿ ಕೂತು ನೂಲು ಸುತ್ತಿ ಕೊಡುತ್ತಿದ್ದೆ. ಬಾಡಿಗೆಗಿದ್ದದ್ದು ಚಂಪಕ್ಕ ಎಂಬ ಜೈನ ವಿಧವೆಯ ಮನೆಯ ಹಿಂದಿನ ಖೋಲಿಯಲ್ಲಿ. ನಡುವೆ ಒಂದು ಅಂಗಳ. ಅವರ ಒಬ್ಬಳೇ ಮಗಳು ಕುಸುಮ ಆ ಅಂಗಳ ದಾಟಿ ಬಂದು ದಿನವಿಡೀ ನನ್ನ ಇಬ್ಬರು ಮಕ್ಕಳ ಜೊತೆ ಆಡುತ್ತಿದ್ದಳು; ನನ್ನನ್ನು ಚಿಕ್ಕಮ್ಮನೆಂಬಂತೆ ಕಾಕು ಎಂದು ಕರೆಯುತ್ತಿದ್ದಳು. ಆದರೆ ನಮ್ಮಲ್ಲಿ ಒಂದು ತುತ್ತೂ ಉಣ್ಣುತ್ತಿರಲಿಲ್ಲ. ನಾವು ಮಾಂಸ ತಿನ್ನುವ ಮಂದಿ. ಚಂಪಕ್ಕ ಈ ಮಾತನ್ನು ಎಂದೂ ಒರಟಾಗಿ ಆಡಿದವರಲ್ಲ. ಹಬ್ಬಕ್ಕೆ ನಾನು ಹೋಳಿಗೆ ಕೊಟ್ಟರೆ ಎರಡೂ ಕೈಯೊಡ್ಡಿ ತೆಗೆದುಕೊಳ್ಳುತ್ತಿದ್ದರು. ಆಮೇಲೆ ಅದು ಹಿತ್ತಲಿನ ಎಮ್ಮೆಯ ಮುಂದೆ ಬಿದ್ದಿರುತ್ತಿತ್ತು. ನಾನು ನೋಡಿದ್ದೆ. ನೋಡಿಯೂ ಮರುವರ್ಷ ಮತ್ತೆ ಕೊಟ್ಟಿದ್ದೆ.

ಬೇಸಿಗೆಯಲ್ಲಿ ಮಕ್ಕಳ ಸಾಲೆಗೆ ಸೂಟಿ ಬಿದ್ದ ಮೇಲೆ, ಮಗ್ಗ ನಿಂತ ದಿನ ನೋಡಿ, ನಾವು ಕೊಲ್ಹಾಪುರಕ್ಕೆ ಹೋಗುತ್ತಿದ್ದೆವು. ಬಡವರ ಪ್ರವಾಸ. ಬೆಳಗಿನ ಮೊದಲ ಬಸ್ಸು, ಸಣ್ಣವನು ತೊಡೆಯ ಮೇಲೆ. ಸ್ಟ್ಯಾಂಡಿನಿಂದ ಟಾಂಗಾ ಮಾಡದೆ ನಡೆದೇ ಅಂಬಾಬಾಯಿ ಗುಡಿಗೆ, ಅಲ್ಲಿಂದ ರಂಕಾಳ ಕೆರೆಗೆ. ದಂಡೆಯ ಮೇಲೆ ಕೂತು ಎಲ್ಲರೂ ಸೇರಿ ಒಂದೇ ಪೊಟ್ಟಣ ಭೇಳ. ಹೋಟೆಲಿನ ಮೆಟ್ಟಿಲು ಹತ್ತಿದವರಲ್ಲ. ಮಧ್ಯಾಹ್ನದ ಊಟ ಕೆರೆಯ ಹತ್ತಿರವೇ ಇದ್ದ ನನ್ನ ಅಕ್ಕನ ಮನೆಯಲ್ಲಿ. ಇಷ್ಟಕ್ಕೇ ನನ್ನ ಮಕ್ಕಳು ಒಂದು ತಿಂಗಳು ಮೊದಲಿನಿಂದ ಕುಣಿಯುತ್ತಿದ್ದವು.

ಆ ವರ್ಷ ಕುಸುಮ ತಾನೂ ಬರುತ್ತೇನೆಂದು ಹಟ ಹಿಡಿದಳು. ಅವಳು ಅಲ್ಲಿಯವರೆಗೆ ಬಸ್ಸು ಹತ್ತಿರಲೇ ಇಲ್ಲ. ಚಂಪಕ್ಕ ಬಹಳ ಹಿಂದೆಮುಂದೆ ನೋಡಿ, ಕೊನೆಗೆ ಒಂದು ಡಬ್ಬಿಯಲ್ಲಿ ಬುತ್ತಿ ಕಟ್ಟಿ ನನ್ನ ಕೈಗೆ ಕೊಟ್ಟರು.

“ಇದನ್ನಽ ಉಣಿಸು ಶಾಂತವ್ವ. ಬ್ಯಾರೆ ಏನೂ ಕೊಡಬ್ಯಾಡ. ನಿನ್ನ ಮ್ಯಾಲ ಭರವಸಾ ಇಟ್ಟು ಕಳಸಾಕತ್ತೇನಿ.”

“ನನಗ ಗೊತ್ತಿಲ್ಲೇನ್ರಿ,” ಅಂದೆ.

ಗುಡಿ, ಕೆರೆ ಎಲ್ಲ ನೋಡಿ ಅಕ್ಕನ ಮನೆ ಮುಟ್ಟುವಷ್ಟರಲ್ಲಿ ಡಬ್ಬಿ ಬಿಸಿಲಿಗೆ ಕಾದಿತ್ತು. ಮುಚ್ಚಳ ತೆಗೆದರೆ ಮೊಸರನ್ನ ಹಳಸಿ ವಾಸನೆ ಬರುತ್ತಿತ್ತು. ಅದರ ನೀರು ಹರಿದು ಚಪಾತಿಯೂ ಕೆಟ್ಟಿತ್ತು. ಅಕ್ಕ ನಮಗಾಗಿ ಮಟನ್ ಮಾಡಿದ್ದಳು. ಕೊಲ್ಹಾಪುರದವರು ಅದಕ್ಕೆ ಎರಡು ಬಗೆಯ ಸಾರು ಮಾಡುತ್ತಾರೆ — ಖಾರದ ಕೆಂಪು ಸಾರೊಂದು, ಎಲುಬು ಕುದಿಸಿದ ನೀರಿಗೆ ಕಾಯಿಹಾಲು ಹಾಕಿದ ಬಿಳಿ ಸಾರೊಂದು. ಬಿಳಿಯದನ್ನು ಮಕ್ಕಳಿಗೆ ಬಟ್ಟಲಲ್ಲಿ ಕುಡಿಯಲು ಕೊಡುತ್ತಾರೆ. ನನ್ನ ಮಕ್ಕಳು ಕುಡಿಯುತ್ತಿದ್ದವು. ಕುಸುಮ ಬಾಗಿಲ ಹತ್ತಿರ ಕೂತು ನೋಡುತ್ತಿದ್ದಳು.

“ಕಾಕು, ಅದೇನ್ರಿ ಬೆಳ್ಳಗ?”

ನಾನು ಹಾಲು ತರಿಸಬಹುದಿತ್ತು. ಬಾಳೆಹಣ್ಣು ತರಿಸಬಹುದಿತ್ತು. ಓಣಿಯ ತುದಿಯಲ್ಲೇ ಬ್ರಾಹ್ಮಣರ ಖಾನಾವಳಿ ಇತ್ತು. ಯಾವುದನ್ನೂ ಮಾಡಲಿಲ್ಲ. ಖರ್ಚಿಗೆ ಹಿಂಜರಿದೆನೇ? ಇರಬಹುದು. ಎಮ್ಮೆಯ ಮುಂದೆ ಬಿದ್ದ ಹೋಳಿಗೆ ನೆನಪಾಯಿತೇ? ಅದೂ ಇರಬಹುದು. ಒಮ್ಮೆಯಾದರೂ ಆ ಹುಡುಗಿ ನನ್ನ ಕೈಯಿಂದ ಉಣ್ಣಲಿ ಎಂಬ ಆಸೆ — ಹಾಗೆಂದುಕೊಂಡರೆ ನನಗೇ ಹಿತವೆನಿಸುತ್ತದೆ. ಅದಕ್ಕೇ ಅದನ್ನು ನಾನು ನಂಬುವುದಿಲ್ಲ.

“ಕಾಯಿಹಾಲಿನ ಸಾರವಾ. ತುಸು ಕುಡಿ,” ಅಂದೆ.

ಅಕ್ಕ ಸೌಟು ಹಿಡಿದು ನಿಂತಳು. “ಶಾಂತಾ, ಅದು ಜೈನರ ಕೂಸಲ್ಲೇನ?”

ನಾನು ಕಣ್ಣಲ್ಲೇ ಅವಳ ಬಾಯಿ ಮುಚ್ಚಿಸಿದೆ. ಕುಸುಮ ಕುಡಿದಳು. ಮತ್ತೆ ಬಟ್ಟಲು ಚಾಚಿದಳು. ಅನ್ನಕ್ಕೂ ಅದನ್ನೇ ಕಲಸಿಕೊಂಡು ಉಂಡಳು. ಹಳಸಿದ ಬುತ್ತಿಯನ್ನು ನಾನು ಬೀದಿನಾಯಿಗೆ ಹಾಕಿ ಡಬ್ಬಿ ತೊಳೆದಿಟ್ಟುಕೊಂಡೆ.

ಹೊತ್ತು ಮುಳುಗುವ ಮೊದಲೇ ಇಚಲಕರಂಜಿಗೆ ಬಂದೆವು. ನಾನಿನ್ನೂ ಕಾಲು ತೊಳೆಯುತ್ತಿದ್ದೆ, ಚಂಪಕ್ಕ ಅಂಗಳ ದಾಟಿ ಬಂದರು. ಕೈಯಲ್ಲಿ ಕುಸುಮಳ ರಟ್ಟೆ.

“ಬಿಳೀ ಸಾರು ಉಂಡೆ ಅಂತಾಳ. ನಿಮ್ಮ ಅಕ್ಕನ ಮನ್ಯಾಗ. ಏನ್ ಉಣಿಸಿದಿ ಶಾಂತವ್ವ?”

ಆ ಭಾಗದಲ್ಲೇ ಹುಟ್ಟಿ ಬೆಳೆದವರು — ಬಿಳಿ ಸಾರೆಂದರೆ ಏನೆಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ. ನನಗೆ ಖೋಲಿ ನೆನಪಾಯಿತು. ಬಿಡಿಸಿದರೆ ಎಲ್ಲಿಗೆ ಹೋಗುವುದು, ಓಣಿಯ ಮಂದಿ ಏನಂದಾರು, ನಮ್ಮವರು ಏನಂದಾರು...

“ನೀವು ಕೊಟ್ಟ ಬುತ್ತೀನಽ ಉಂಡಾಳ್ರಿ,” ಅಂದೆ. “ಡಬ್ಬಿ ನೋಡ್ರಿ, ಖಾಲಿ ಐತಿ. ನಮ್ಮ ಹುಡುಗೂರು ಕುಡಿಯೂದು ನೋಡಿ ಹಂಗ ಹೇಳಾಕತ್ತಾಳ.”

“ಇಲ್ಲವ್ವಾ, ನಾ ಉಂಡೇನಿ. ಕಾಕೂನಽ ಕೊಟ್ರು,” ಅಂದಳು ಕುಸುಮ. ಜಗಳವಾಡುವ ದನಿಯಲ್ಲ. ನಾನು ಮರೆತಿದ್ದೇನೆ, ನೆನಪು ಮಾಡಿಕೊಡಬೇಕು ಎಂಬಂತೆ ನನ್ನನ್ನೇ ನೋಡಿದಳು.

“ಸುಳ್ಳ ಹೇಳಬಾರದು ಕುಸುಮಾ,” ಅಂದೆ ನಾನು.

ಚಂಪಕ್ಕ ಉಸಿರು ಬಿಟ್ಟರು. ಈಗ ಅನಿಸುತ್ತದೆ — ನನ್ನ ಸುಳ್ಳು ಅವರಿಗೂ ಬೇಕಾಗಿತ್ತು. ಮಗಳು ಮಾಂಸದ ಸಾರು ಉಂಡಳು ಎನ್ನುವುದಕ್ಕಿಂತ ಮಗಳು ಸುಳ್ಳು ಹೇಳಿದಳು ಎನ್ನುವುದು ಅವರಿಗೆ ಸಹಿಸಲು ಹಗುರ. ಅವರು ಹೊಡೆಯಲಿಲ್ಲ. ಬಸದಿಗೆ ಕರೆದುಕೊಂಡು ಹೋಗಿ, ಸುಳ್ಳು ಹೇಳಿದೆ, ತಪ್ಪಾಯಿತು ಎಂದು ದೇವರ ಮುಂದೆ ಹೇಳು ಅಂದರು. ಕೆಲವು ದಿನ ಕುಸುಮ ಒಲ್ಲೆನೆಂದಳಂತೆ. ಆಮೇಲೆ ಹೇಳಿದಳಂತೆ. ಇದನ್ನು ಚಂಪಕ್ಕನೇ ನನ್ನೆದುರು ಕೂತು ಸಮಾಧಾನದಿಂದ ಹೇಳಿದರು.

ಮುಂದಿನ ಬೇಸಿಗೆಗಳಲ್ಲಿ ನಾವು ಕುರುಂದವಾಡದ ಹೊಳೆಗೆ ಹೋದೆವು, ಮತ್ತೆ ಕೊಲ್ಹಾಪುರಕ್ಕೂ ಹೋದೆವು. ಕುಸುಮಳನ್ನು ಕಳಿಸಲಿಲ್ಲ, ಅವಳೂ ಕೇಳಲಿಲ್ಲ. ನನ್ನ ಮಕ್ಕಳು ಚುರುಮುರಿ ತಂದುಕೊಟ್ಟರೆ, “ಅವ್ವಾ, ಇದನ್ನ ತಿನ್ನಬಹುದೇನ?” ಎಂದು ಕೂಗಿ ಕೇಳಿ, ಹೂಂ ಎಂಬ ಉತ್ತರ ಬಂದ ಮೇಲಷ್ಟೇ ಬಾಯಿಗೆ ಹಾಕುತ್ತಿದ್ದಳು. ಏನಾದರೂ ಹೇಳುವಾಗ ನಡುವೆಯೇ ನಿಲ್ಲಿಸಿ, “ಖರೇನಽ ಹೇಳಾಕತ್ತೇನ್ರಿ” ಎಂದು ಸೇರಿಸುವ ರೂಢಿಯಾಯಿತು. ಅಂದು ಮನೆಯಲ್ಲಿ ಏನು ಅಡುಗೆ ಎಂದು ಹೇಳುವಾಗಲೂ.

ಅವಳ ಮದುವೆ ಗೊತ್ತಾದ ವರ್ಷ. ಜೈನರ ಭಾದ್ರಪದದ ವ್ರತ ಮುಗಿದು, ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ. ಕುಸುಮ ಹೊಸ ಸೀರೆಯುಟ್ಟು ಅಂಗಳ ದಾಟಿ ಬಂದು ನನ್ನ ಮುಂದೆ ಕೈ ಜೋಡಿಸಿದಳು.

“ಕಾಕು, ಸಣ್ಣಾಕಿ ಇದ್ದಾಗ ನಿಮ್ಮ ಮ್ಯಾಲ ಸುಳ್ಳ ಹೇಳಿದ್ನಿರಿ. ಮನಸಿನ್ಯಾಗ ಇಟ್ಕೋಬ್ಯಾಡ್ರಿ.”

ಮೊದಲು ಅವಳು ಕುಹಕವಾಡುತ್ತಿದ್ದಾಳೆಂದುಕೊಂಡೆ. ಇಲ್ಲ — ಅವಳು ನಂಬಿಬಿಟ್ಟಿದ್ದಳು. ನಾನೂ ಚಂಪಕ್ಕನೂ ದೇವರೂ ಸೇರಿ ಹೇಳಿದ್ದೇ ನಿಜವಿರಬೇಕು, ತನ್ನ ನಾಲಿಗೆಯ ನೆನಪೇ ತಪ್ಪಿರಬೇಕು ಎಂದು. ಆಗ ಹೇಳಬೇಕಿತ್ತು. ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. “ಇರ್ಲಿ ಬಿಡವಾ. ಸಣ್ಣಾಕಿ ಇದ್ದಿ,” ಅಂದೆ. ಕ್ಷಮಿಸಿದೆ — ನಾನು, ಅವಳನ್ನು.

ಗಡಹಿಂಗ್ಲಜದ ಕಿರಾಣಿ ಅಂಗಡಿಯವರ ಮನೆಗೆ ಅವಳನ್ನು ಕೊಟ್ಟರು. ಮೊದಲ ಪಂಚಮಿಗೆ ತವರಿಗೆ ಬಂದವಳು ಅರ್ಧಕ್ಕರ್ಧ ಇಳಿದುಹೋಗಿದ್ದಳು. ಅಂದು ನಾನು ಚಂಪಕ್ಕನ ಪಡಸಾಲೆಯಲ್ಲೇ ಕೂತಿದ್ದೆ.

“ಅತ್ತಿ ಹೊಟ್ಟಿಗಿ ಹಾಕೂದಿಲ್ಲವ್ವ. ಅಂವ ಕೈ ಮಾಡ್ತಾನ. ನಾ ಹೋಗೂದಿಲ್ಲ. ಖರೇನಽ ಹೇಳಾಕತ್ತೇನಿ.”

ಚಂಪಕ್ಕ ನನ್ನ ಕಡೆ ತಿರುಗಿದರು. “ನೀನಽ ಹೇಳು ಶಾಂತವ್ವ. ಈಕಿ ಮಾತ ಎಷ್ಟಂತ ಹಿಡೀಲಿ? ಸಣ್ಣಾಕಿ ಇದ್ದಾಗಿಂದ ಹಿಂಗಽ ಅಲ್ಲೇನ?”

ನಾನು ನೆಲ ನೋಡಿದೆ. ಒಂದು ಮಾತು ಸಾಕಿತ್ತು. ಅದನ್ನು ಆಡಿದ್ದರೆ ಚಂಪಕ್ಕ ಮಗಳನ್ನು ನಿಲ್ಲಿಸಿಕೊಳ್ಳುತ್ತಿದ್ದರೋ ಇಲ್ಲವೋ — ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಹಬ್ಬ ಮುಗಿದ ಮೇಲೆ ಕುಸುಮಳನ್ನು ಬಸ್ಸಿಗೆ ಹತ್ತಿಸಿದರು. ಗಂಟು ಹೊತ್ತು ಸ್ಟ್ಯಾಂಡಿನವರೆಗೆ ಜೊತೆಗೆ ಹೋದವಳು ನಾನೇ.

ಎರಡು ವರ್ಷದ ಮೇಲೆ ಚಂಪಕ್ಕ ತೀರಿಕೊಂಡರು. ಅವರಿದ್ದಾಗ ಇಲ್ಲದ ಧೈರ್ಯ ಅವರು ಹೋದ ಮೇಲೆ ಬಂತು. ಅದಕ್ಕೆ ಧೈರ್ಯವೆನ್ನಲು ನಾಚಿಕೆಯಾಗುತ್ತದೆ. ಗಡಹಿಂಗ್ಲಜಕ್ಕೆ ಹೋದೆ. ಕುಸುಮ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಅವಳ ಪಕ್ಕದಲ್ಲಿ ಕೂತು, ಬರುವಾಗ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನೆಲ್ಲ ತಗ್ಗಿದ ದನಿಯಲ್ಲಿ ಹೇಳಿ ಮುಗಿಸಿದೆ. ಅವಳು ತಲೆಯೆತ್ತಿ ನೋಡಿದಳು.

“ಎಡಗಿವಿ ಕೇಳೂದಿಲ್ರಿ ಕಾಕು. ಈ ಕಡಿ ಕೂತ್ಕೊಂಡು ಹೇಳ್ರಿ.”

ಅದು ಹೇಗಾಯಿತೆಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಎದ್ದು ಬಲಗಡೆಗೆ ಹೋಗಿ ಕೂತು, ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಿದೆ.

ಅವಳ ಕೈ ಮೊರದ ಮೇಲೆ ನಿಂತಿತು. ಅಳಲಿಲ್ಲ.

“ಹಂಗಾದ್ರ ನಾ ಉಂಡಿದ್ದು ಖರೇನಽ ಏನ್ರಿ?”

“ಹೂಂನವಾ.”

“ಇಷ್ಟ ದಿನಾ ಸುಳ್ಳ ಹೇಳೀನಿ ಅಂತ ಇದ್ನಿ,” ಅಂದಳು. “ಇನ್ನ ಮ್ಯಾಲ ಅದನ್ನ ಉಂಡೇನಿ ಅಂತ ಇರಬೇಕು.” ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದು, “ಅವ್ವ ಇದ್ದಾಗ ಹೇಳಬೇಕಿತ್ತ್ರಿ,” ಅಂದಳು.

ಒಳಗಿನಿಂದ ಅತ್ತೆ ಕೂಗಿದರು. ಕುಸುಮ ಮೊರ ಎತ್ತಿಕೊಂಡು ಎದ್ದಳು. ನನ್ನ ಭಾರ ಇಳಿಸಿಕೊಳ್ಳಲು ಹೋಗಿ ಅವಳ ತಲೆಯ ಮೇಲೆ ಇನ್ನೊಂದನ್ನು ಹೊರಿಸಿ ಬಂದಿದ್ದೆ. ಕ್ಷಮಿಸು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ. ಕೇಳಿದ್ದರೆ ಅವಳು ಕ್ಷಮಿಸಿಬಿಡುತ್ತಿದ್ದಳು.