ಟೀವಿಯ ಪಕ್ಕ ಕೂತು ಸಿನಿಮಾ ನೋಡಿದವರು

ಮೊನ್ನೆ ಮಧ್ಯಾಹ್ನ ಕಂಪನಿಯ ಊಟದ ಕೋಣೆಯಲ್ಲಿ ಯಾರೋ ಬೇಯಿಸಿದ ಕಡಲೆಕಾಯಿಯ ಡಬ್ಬ ತೆರೆದರು. ಉಪ್ಪು, ಅರಿಸಿನ, ನೆಂದ ಸಿಪ್ಪೆಯ ಮಣ್ಣಿನ ವಾಸನೆ... ಬೇರೆಯವರಿಗೆ ಬಾಯಲ್ಲಿ ನೀರು ಬಂದಿರಬೇಕು. ನನಗೆ ಸಿಟ್ಟು ಬಂತು. ಮುಖ ನೋಡಿದ ಪಕ್ಕದವರು “ಏನ್ ಸಾರ್, ಬೀಪಿ ಮಾತ್ರೆ ಮರೆತ್ರಾ?” ಎಂದು ಕೇಳಿದರು. ಮಾತ್ರೆ ನುಂಗಿದ್ದೆ. ಇದು ಮಾತ್ರೆಗೆ ಇಳಿಯದ ಹಳೆಯ ಸಿಟ್ಟು.

ನಮ್ಮ ಬೀದಿಯ ಒಂದು ಜಗಲಿಯಲ್ಲಿ ಮಕ್ಕಳು ಕಡಲೆಕಾಯಿ ತಿನ್ನುತ್ತ ಸಿನಿಮಾ ನೋಡುತ್ತಿದ್ದ ಕಾಲದ ಸಿಟ್ಟು. ಆಗ ಏನೇನು ಕೆಡಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಡಲೆಕಾಯಿ ಯಾವುದಾದರೂ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದಿತ್ತು. ಅಲ್ಲಾಡುವ ಸ್ಟೂಲಿನ ಮೇಲಿದ್ದ ಡಬ್ಬ ಟೀವಿ ಉರುಳಬಹುದಿತ್ತು. ಮಗ್ಗದ ಶೆಡ್ಡಿನಿಂದ ಎಳೆದಿದ್ದ ತೇಪೆಯ ವೈರು ಶಾಕ್ ಹೊಡೆಯಬಹುದಿತ್ತು. ಜಗಲಿಯ ಹೆಂಚು ಜಾರಬಹುದಿತ್ತು. ಇಷ್ಟು ನನ್ನ ಹೆದರಿಕೆ. ಬೀದಿಯ ದೊಡ್ಡವರ ಹೆದರಿಕೆಯೇ ಬೇರೆ: ಹೇನು ಹತ್ತಬಹುದು, ಸೀಕು ಬರಬಹುದು, ನೂಲಿನ ಉಂಡೆ ಕಳವಾಗಬಹುದು, ನಮ್ಮ ಮಕ್ಕಳ ಮಾತು ಕೆಡಬಹುದು, ನಾಳೆ ಇನ್ನೇನೋ ಆಗಬಹುದು. ಆ ‘ಇನ್ನೇನೋ’ ಏನೆಂದು ಯಾರೂ ಬಿಡಿಸಿ ಹೇಳಲಿಲ್ಲ. ಬನಿಯನ್ ಬಟ್ಟೆಯನ್ನು ಬೆಳಕಿಗೆ ಹಿಡಿದು ತಪ್ಪು ಹುಡುಕುವುದು ತಿರುಪ್ಪೂರಿನಲ್ಲಿ ನನ್ನ ಕೆಲಸ. ಹೆದರುವುದಕ್ಕೆ ನನಗೆ ಸಂಬಳ ಬರುತ್ತದೆ. ಅವರು ಬಿಟ್ಟಿಯಾಗಿ ಹೆದರುತ್ತಿದ್ದರು.

ಕರುಮತ್ತಂಪಟ್ಟಿಯ ನಮ್ಮ ಬೀದಿಯಲ್ಲಿ ಮನೆಮನೆಗೂ ಪವರ್‌ಲೂಮು. ಎಂದೋ ತಮಿಳರ ನಡುವೆ ಬಂದು ನೆಲೆಸಿದ ಕನ್ನಡ ನೇಕಾರರು ನಾವು; ಹೊಸ್ತಿಲ ಒಳಗೆ ಕನ್ನಡ, ಹೊರಗೆ ತಮಿಳು. ಕನ್ನಡ ಅಕ್ಷರ ನನಗೆ ಮದುವೆಯಾದ ಮೇಲೆ ಹೆಂಡತಿ ಕಲಿಸಿದ್ದು, ಆದ್ದರಿಂದ ಇಲ್ಲಿ ತಪ್ಪಿದ್ದರೆ ಅವಳನ್ನು ಕೇಳಬೇಕು. ಮೂಲೆಮನೆಯಲ್ಲಿದ್ದವರನ್ನು ನಾವೆಲ್ಲ ಅತ್ತೆ ಎನ್ನುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಮಗ್ಗಗಳನ್ನು ಒಬ್ಬರೇ ಓಡಿಸಿದವರು. ಆ ಸದ್ದಿನಲ್ಲಿ ಕಿವಿ ಅರ್ಧ ಹೋಗಿತ್ತು. ಎದುರಿನವರ ಮುಖ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದರು.

ಅಮಾವಾಸ್ಯೆಗೆ ನಮ್ಮಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಬೀದಿಯೆಲ್ಲ ಗಪ್‌ಚಿಪ್. ಆ ದಿನ ಮಧ್ಯಾಹ್ನ ಅತ್ತೆ ಟೀವಿಯನ್ನು ಜಗಲಿಗೆ ತಂದು, ಹಂಡೆಯಲ್ಲಿ ಕಡಲೆಕಾಯಿ ಬೇಯಿಸಿ, ಹಿಂದಿ ಸಿನಿಮಾದ ಸೀಡಿ ಹಾಕುತ್ತಿದ್ದರು. ಹಿಂದಿ ಒಂದಕ್ಷರ ಬಾರದು. ಆದರೂ ಅವರಿಗೆ ಅದೇ ಬೇಕು, ಅದರಲ್ಲೂ ಕುಟುಂಬದ ಕಥೆ: ಅರಮನೆಯಂಥ ಮನೆ, ಬೆಳಗ್ಗೆ ಎದ್ದಕೂಡಲೇ ರೇಷ್ಮೆ ಸೀರೆ, ಮೆಟ್ಟಿಲ ಮೇಲೆ ನಿಂತು ಗದರುವ ಅಪ್ಪ, ಕೊನೆಯಲ್ಲಿ ಎಲ್ಲರೂ ತಬ್ಬಿಕೊಂಡು ಹಾಡು. “ನೋಡ್ರೋ, ಇಷ್ಟು ಜನ ಒಂದೇ ಮನೇಲಿದ್ದಾರೆ, ಒಬ್ಬರಾದ್ರೂ ಪಾತ್ರೆ ತೊಳೀತಾರಾ?” ಎಂದು ನಗುತ್ತಿದ್ದರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಕಥೆಯನ್ನು ಮಕ್ಕಳಿಗೆ ನಮ್ಮ ಮನೆಮಾತಿನಲ್ಲಿ ಹೇಳುತ್ತಿದ್ದವರೂ ಅವರೇ. ಅವರು ಹೇಳಿದರೆ ಹಿಂದಿಯ ಶ್ರೀಮಂತರೆಲ್ಲ ಮಗ್ಗದ ಮಾಲೀಕರು, ಅಣ್ಣತಮ್ಮಂದಿರ ಜಗಳವೆಲ್ಲ ನೂಲಿನದು. ಬಹಳ ಕಾಲ ಆದ ಮೇಲೆ ನಾನು ಗಮನಿಸಿದ್ದು, ಅತ್ತೆ ಟೀವಿಯ ಮುಂದೆ ಕೂರುತ್ತಿರಲಿಲ್ಲ. ಟೀವಿಯ ಪಕ್ಕ, ಮಕ್ಕಳ ಕಡೆ ಮುಖಮಾಡಿ ಕೂರುತ್ತಿದ್ದರು. ಮಕ್ಕಳು ಹುಬ್ಬೇರಿಸಿದರೆ ವಿಲನ್ ಬಂದ, ಒಬ್ಬರಿಗೊಬ್ಬರು ಒತ್ತಿಕೊಂಡರೆ ಅಮ್ಮ ಅಳುತ್ತಿದ್ದಾಳೆ. ಅರ್ಧ ಸಿನಿಮಾ ಅವರು ನೋಡಿದ್ದೇ ಹಾಗೆ. “ಅಲ್ನೋಡು,” ಎಂದು ನನ್ನ ಮೊಣಕೈ ತಿವಿಯುತ್ತಿದ್ದರು, “ಒಂದು ಕಾಯಲ್ಲಿ ಮೂರು ಬೀಜ ಸಿಕ್ತು ಅಂತ ಆ ಹುಡುಗಿ ಹೆಂಗೆ ಹಿಗ್ಗುತಿದೆ. ನಿನಗೆ ಲಾಟರಿ ಹೊಡೆದ್ರೂ ಆ ಮುಖ ಬರಲ್ಲ.” ಬರುವುದಿಲ್ಲ. ಲಾಟರಿ ಹೊಡೆದರೆ ಕಳ್ಳರು ಬರುತ್ತಾರಲ್ಲ ಎಂದು ನಾನು ಹೆದರುತ್ತೇನೆ.

ಆ ಹುಡುಗಿ ನಮ್ಮ ಬೀದಿಯ ಹಿಂದೆ ಸಾಲಾಗಿ ಕಟ್ಟಿದ್ದ ಬಾಡಿಗೆ ಕೋಣೆಗಳ ಲೈನ್‌ಮನೆಯವಳು. ಅಲ್ಲಿಗೆ ಆಗ ಉತ್ತರದ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದ ಸಂಸಾರಗಳು ಸೇರಿದ್ದವು. ಟೀವಿಯಲ್ಲಿ ತಮ್ಮ ಮಾತು ಕೇಳಿಸಿತೆಂದು ಅಲ್ಲಿನ ಮಕ್ಕಳು ಗೋಡೆಯಾಚೆ ಬಂದು ನಿಂತಾಗ ಅತ್ತೆ ಕೈಬೀಸಿ ಜಗಲಿಗೆ ಕರೆದರು. ಹುಡುಗಿ ಇಲ್ಲಿನ ಶಾಲೆಯಲ್ಲಿ ಬೇಗ ತಮಿಳು ಕಲಿತಳು. ಕಲಿತವಳೇ ಒಂದು ಅಮಾವಾಸ್ಯೆ ಸಿನಿಮಾದ ನಡುವೆ ಅತ್ತೆಯನ್ನು ಪಾಟಿ, ಅಂದರೆ ಅಜ್ಜಿ, ಎಂದು ಕರೆದು ತಡೆದಳು. “ಪಾಟಿ, ಅವರು ಅಪ್ಪ ಅಲ್ಲ, ಮಾವ. ಇದು ನೂಲಿನ ಜಗಳ ಅಲ್ಲ, ಮದುವೆ ಜಗಳ.”

ಅತ್ತೆ ಸುಲಿಯುತ್ತಿದ್ದ ಕಾಯಿಯನ್ನು ಕೆಳಗಿಟ್ಟರು.

“ಹಂಗಾದ್ರೆ ಇಷ್ಟು ವರ್ಷ ನಾನು ಯಾರ ಮನೆ ಕಷ್ಟಕ್ಕೆ ಕಣ್ಣೀರು ಹಾಕಿದ್ದು ಕಂದಾ?” ಎಂದರು ಅತ್ತೆ.

ಮಕ್ಕಳು ಬಿದ್ದು ಬಿದ್ದು ನಕ್ಕರು, ನಮ್ಮವು, ಅವರವು, ಒಂದರ ಮೇಲೊಂದು. ಆಮೇಲಿಂದ ಪ್ರತಿ ಸಿನಿಮಾಕ್ಕೂ ಎರಡು ಕಥೆ: ಹುಡುಗಿ ಹೇಳುವ ನಿಜವಾದದ್ದು, ಅತ್ತೆ ಹೇಳುವ ಮಗ್ಗದ್ದು. ಮಕ್ಕಳು ಎರಡನ್ನೂ ಕೇಳಿಯೇ ಏಳುತ್ತಿದ್ದರು.

ಇದು ಬೀದಿಯ ಯಜಮಾನರ ಕಣ್ಣಿಗೆ ಬಿತ್ತು. ಒಂದು ಅಮಾವಾಸ್ಯೆ ಸಿನಿಮಾ ಅರ್ಧಕ್ಕೆ ಬಂದಿದ್ದಾಗ ಇನ್ನಿಬ್ಬರನ್ನು ಕರೆದುಕೊಂಡು ಬಂದರು.

“ಅಮ್ಮಣಿ, ನಮ್ಮ ಮಕ್ಕಳು ಬರ್ಲಿ, ಬೇಡ ಅನ್ನಲ್ಲ. ಆ ಹಿಂದಿಯವರನ್ನ ಯಾಕೆ ಸೇರಿಸ್ತೀಯ?”

“ಸಿನಿಮಾನೂ ಹಿಂದಿದೇ ಅಲ್ವಾಣ್ಣಾ.”

“ಅದು ಪೆಟ್ಟಿಗೆ ಒಳಗಿರತ್ತೆ.”

ಈ ಮಾತನ್ನು ನಾನು ಇವತ್ತಿಗೂ ನುಂಗಲಾರೆ. ಅತ್ತೆ ಮಾತ್ರ ಕಡಲೆಕಾಯಿ ಸುಲಿಯುತ್ತಲೇ ಕೇಳಿದರು: “ಇವರ ಅಪ್ಪಂದಿರು ನಿಮ್ಮ ಮಗ್ಗದ ಮುಂದೆ ನಿಂತಿರ್ತಾರಲ್ಲಣ್ಣಾ, ಆಗ ಹೇನು ಹತ್ತಲ್ವಾ?”

ನಾನೂ ಬಾಯಿ ಹಾಕಿದೆ. “ಮಕ್ಕಳು ತಾನೇ ಮಾಮಾ, ಕೂತ್ಕೊಳ್ಳಿ ಬಿಡಿ. ನನ್ನ ಮಗನೂ ಅವರ ಜೊತೇಲೇ ಇದ್ದಾನೆ.”

“ನೀನು ಸುಮ್ನಿರು ಅಳಿಯಾ. ಟೀವಿ ಹೊತ್ತಿಕೊಳ್ಳತ್ತೆ ಅಂತ ಬಕೆಟ್‌ನಲ್ಲಿ ನೀರಿಟ್ಟುಕೊಂಡು ಕೂತಿರೋನು ನೀನು.”

ಇಟ್ಟುಕೊಂಡಿದ್ದೆ. ಕರೆಂಟಿನ ಬೆಂಕಿಗೆ ನೀರು ಸುರಿಯಬಾರದೆಂದು ಆಮೇಲೆ ತಿಳಿದು, ಅದಕ್ಕೆ ಬೇರೆಯಾಗಿ ಹೆದರಿದೆ. ಜೊತೆಗೆ ಬಂದಿದ್ದ ಇಬ್ಬರೂ ನಕ್ಕರು. ನನ್ನ ವಾದ ಅಲ್ಲಿಗೆ ಮುಗಿಯಿತು. ಯಜಮಾನರು ಸೀದಾ ಅತ್ತೆಯ ಮಗ್ಗದ ಶೆಡ್ಡಿನೊಳಗೆ ಹೋಗಿ ಮೇನ್ ಸ್ವಿಚ್ ಇಳಿಸಿದರು.

ಟೀವಿ ಆರಿತು. ಮಕ್ಕಳು “ಹೋ...” ಎಂದು ಕೂಗಿ ಚಪ್ಪಾಳೆ ತಟ್ಟಿದರು. ಆಗೆಲ್ಲ ಕರೆಂಟು ಹೊತ್ತಲ್ಲದ ಹೊತ್ತಿಗೆ ಹೋಗಿ ಬರುತ್ತಿತ್ತು. ಹೋದಾಗಲೂ ಕೂಗುವುದು, ಬಂದಾಗಲೂ ಕೂಗುವುದು ನಮ್ಮ ಕಡೆ ಮಕ್ಕಳ ಅಭ್ಯಾಸ. ಒಂದೂ ಜಾಗ ಬಿಟ್ಟೇಳಲಿಲ್ಲ. ಕಪ್ಪು ಗಾಜನ್ನೇ ನೋಡುತ್ತ, ಒಬ್ಬರ ಕಿವಿಗೊಬ್ಬರು ಕಡಲೆ ಸಿಪ್ಪೆ ಸಿಕ್ಕಿಸುತ್ತ ಕಾದವು. ಅತ್ತೆಯ ಮುಖ ಬಾಡಿದ್ದನ್ನು ನೋಡಿ ಹುಡುಗಿಯೇ ಸಮಾಧಾನ ಹೇಳಿದಳು: “ಇಪ್ಪೊ ವಂದುರುಂ ಪಾಟಿ.” ಈಗ ಬಂದುಬಿಡುತ್ತೆ ಅಂತ. ಯಜಮಾನರು ಶೆಡ್ಡಿನಿಂದ ಹೊರಬಂದು ಆ ಮಕ್ಕಳ ನಡುವೆಯೇ ದಾಟಿಕೊಂಡು ಹೋದರು. ಅವರಿಗೆ ಹೋಗಲು ಮಕ್ಕಳು ಕಾಲು ಮಡಚಿ ದಾರಿ ಬಿಟ್ಟವು.

ಲೈನ್‌ಮನೆಯೂ ಯಜಮಾನರದೇ. ಜಗಲಿಯಲ್ಲಿ ಮಗು ಕಂಡರೆ ಮನೆ ಖಾಲಿ ಮಾಡಬೇಕೆಂದು ಅಲ್ಲಿಗೆ ಹೇಳಿಕಳಿಸಿದರು. ನಮ್ಮ ಮನೆಗಳಿಗೂ ಬೇರೆ ಥರದ ಮಾತು ಹೋಯಿತು, ಸಂಬಂಧ ಕೂಡಲ್ಲ, ನೂಲು ಸಿಗಲ್ಲ, ಮರ್ಯಾದೆ ಉಳಿಯಲ್ಲ ಎಂದು. ಅಷ್ಟಕ್ಕೇ ಬೀದಿ ಹೆದರಿತು. ಹೆದರಿಕೆ ನನ್ನೊಬ್ಬನ ಕಾಯಿಲೆ ಎಂದುಕೊಂಡಿದ್ದೆ.

ಮುಂದಿನ ಅಮಾವಾಸ್ಯೆ ಅತ್ತೆ ಮತ್ತೆ ಟೀವಿ ಇಟ್ಟರು, ಹಂಡೆ ತುಂಬ ಬೇಯಿಸಿದರು. ನಾನು ಮಗನನ್ನು ಕರೆದುಕೊಂಡು ಹೋದೆ. ಒಬ್ಬನೇ ಕೂತು ನಗಲು ಅವನಿಗಾಗಲಿಲ್ಲ, ಸ್ವಲ್ಪ ಹೊತ್ತಿಗೆ ಎದ್ದು ಓಡಿದ. ಟೀವಿಯಲ್ಲಿ ದೊಡ್ಡ ಮದುವೆ ನಡೆಯುತ್ತಿತ್ತು. ಅತ್ತೆ ಎಂದಿನಂತೆ ಟೀವಿಯ ಪಕ್ಕ, ಖಾಲಿ ಜಗಲಿಯ ಕಡೆ ಮುಖಮಾಡಿ ಕೂತಿದ್ದರು.

“ಏನತ್ತೆ ಕಥೆ?” ಎಂದು ಕೇಳಿದೆ, ಮಾತಾಡಿಸಲೆಂದು.

ಜಗಲಿಯನ್ನು ಸ್ವಲ್ಪ ಹೊತ್ತು ನೋಡಿದರು. “ಗೊತ್ತಾಗ್ತಿಲ್ಲಪ್ಪ...” ಎಂದರು.

ಕಳೆದ ಆಡಿ ಮಾಸದಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಅತ್ತೆ ತೀರಿಕೊಂಡರು. ಯಜಮಾನರು ಹೆಣದ ಮುಂದೆ ನಿಂತು “ಮಕ್ಕಳು ಅಂದ್ರೆ ಪ್ರಾಣ ಆ ಅಮ್ಮಣಿಗೆ” ಎಂದು ಕಣ್ಣೊರೆಸಿಕೊಂಡರು. ಸುತ್ತ ನಿಂತವರು ತಲೆದೂಗಿದರು. ಲೈನ್‌ಮನೆಯ ಆ ಹುಡುಗಿಯ ಸಂಸಾರ ಎಂದೋ ಬೇರೆ ಊರಿಗೆ ಹೋಗಿದೆ. ಈಗ ಅಮಾವಾಸ್ಯೆಯ ಮಧ್ಯಾಹ್ನ ನಮ್ಮ ಬೀದಿಯಲ್ಲಿ ನಾಯಿ ಆಕಳಿಸಿದರೂ ಕೇಳಿಸುತ್ತದೆ.

ಯಾರಿಗೂ ಹೇನು ಹತ್ತಲಿಲ್ಲ. ಯಾರಿಗೂ ಸೀಕು ಬರಲಿಲ್ಲ, ನೂಲಿನ ಉಂಡೆ ಕಳವಾಗಲಿಲ್ಲ, ಯಾರ ಮಾತೂ ಕೆಡಲಿಲ್ಲ. ಟೀವಿ ಉರುಳಲಿಲ್ಲ, ಹೆಂಚು ಬೀಳಲಿಲ್ಲ, ಕಡಲೆಕಾಯಿ ಯಾವ ಗಂಟಲಲ್ಲೂ ಸಿಕ್ಕಲಿಲ್ಲ. ಒಬ್ಬ ಮುದುಕಿಗೆ ಸಿನಿಮಾ ಅರ್ಥವಾಗದೆ ಹೋಯಿತು, ಅಷ್ಟೇ.