ಇಲಿಗಳಿಗೆ ಸಿಕ್ಕ ಔಷಧಿ

ಯಮಕನಮರಡಿಯ ಗೊಮ್ಮಟೇಶ ಪುಣೆಯ ಒಂದು ಪ್ರಯೋಗಾಲಯದಲ್ಲಿ ಇಲಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಹೊತ್ತು ಮುಳುಗುವ ಮೊದಲೇ ಉಣ್ಣುವ ಜೈನರ ಮನೆ. ಮಗ ಇಲಿಗಳಿಗೆ ಕಾಳು ಹಾಕುತ್ತಾನೆ ಎಂದಷ್ಟೇ ತಾಯಿ ಇಂದುಬಾಯಿಗೆ ಗೊತ್ತು. ಆ ಇಲಿಗಳಿಗೆ ರೋಗ ತಡೆಯುವ ಶಕ್ತಿಯೇ ಇರಲಿಲ್ಲ. ಅದಕ್ಕೇ ಮನುಷ್ಯರ ರಕ್ತದ ಕ್ಯಾನ್ಸರ್ ಅವುಗಳ ಮೈಯಲ್ಲಿ ಬೆಳೆಯುತ್ತಿತ್ತು. ಔಷಧಿಯ ಪರೀಕ್ಷೆ ಮುಗಿದ ಮೇಲೆ ಅವನ್ನು ಗ್ಯಾಸಿನ ಡಬ್ಬಿಯಲ್ಲಿಟ್ಟು ಕೊಲ್ಲುವವನೂ ಗೊಮ್ಮಟೇಶನೇ. ಅದರ ಬಗ್ಗೆ ಊರಲ್ಲಿ ಬಾಯಿ ಬಿಟ್ಟಿರಲಿಲ್ಲ.

೨೦೦೧ರಲ್ಲಿ, ಹುಕ್ಕೇರಿಗೆ ಕೊಟ್ಟಿದ್ದ ಅಕ್ಕ ಮೇಘಾಳಿಗೆ ಅದೇ ಕಾಯಿಲೆ ಬಂತು. ಅವನೇ ಪುಣೆಗೆ ಕರೆತಂದ. ಆಸ್ಪತ್ರೆಯವರು ಸಂಶೋಧನೆಗೆಂದು ರಕ್ತ ಕೇಳಿದಾಗ ಅವಳು ತಮ್ಮನ ಮುಖ ನೋಡಿದಳು.

"ಕೊಡ್ಲೇನೋ?"

"ಕೊಡಕ್ಕಾ. ನಮ್ಮ ಲ್ಯಾಬಿಗೇ ಬರ್ತೈತಿ. ಔಷಧ ಕಂಡಹಿಡದ್ರ ಮೊದ್ಲ ನಿನಗ ಸಿಗ್ತೈತಿ."

ಹಾಗೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮೇಘಾ ಸಹಿ ಹಾಕಿದಳು.

ಹನ್ನೆರಡು ಇಲಿಗಳ ಬಾಲದ ನರಕ್ಕೆ ಅವಳ ರಕ್ತದ ಕಣಗಳನ್ನು ಚುಚ್ಚಿದರು. ಪಂಜರದ ಚೀಟಿಯ ಮೇಲೆ ಹೆಸರಿಲ್ಲ, ಬರೀ ನಂಬರು. ಆದರೂ ರಕ್ತ ಬಂದ ದಿನ ಅವನಿಗೆ ನೆನಪಿತ್ತು. ಎಂಟನೇ ವಾರ ಮೇಘಾ ತೀರಿಕೊಂಡಳು. ಹುಕ್ಕೇರಿಯಲ್ಲಿ ದಹನ ಮುಗಿಸಿ, ದಿನಕರ್ಮ ಮಾಡಿ ಅವನು ಹಿಂತಿರುಗಿದಾಗ ಅವಳ ಕ್ಯಾನ್ಸರು ಹನ್ನೆರಡೂ ಇಲಿಗಳಲ್ಲಿ ಬೇರೂರಿತ್ತು. ಪ್ರಯೋಗ ನಡೆಸುತ್ತಿದ್ದ ಮೇಡಂಗೆ ಬಹಳ ಖುಷಿ. ಅದು ಯಾರ ರಕ್ತವೆಂದು ಆಕೆಗೆ ಗೊತ್ತಿರಲಿಲ್ಲ, ಅವನೂ ಹೇಳಲಿಲ್ಲ.

ಆರು ಇಲಿಗಳಿಗೆ ಹೊಸ ಔಷಧಿ ಕೊಟ್ಟರು, ಹೋಲಿಸಿ ನೋಡಲು ಉಳಿದ ಆರಕ್ಕೆ ಬರೀ ಉಪ್ಪುನೀರು. ಉಪ್ಪುನೀರಿನವು ಹಿಂಗಾಲು ಎಳೆಯುತ್ತ ಮೂಲೆ ಸೇರಿದವು. ಔಷಧಿ ಸಿಕ್ಕವು ಚುರುಕಾಗಿ ಓಡಾಡಿದವು. ಅವುಗಳ ರಕ್ತದಲ್ಲಿ ರೋಗವೇ ಕಾಣಲಿಲ್ಲ. ಲ್ಯಾಬಿನಲ್ಲಿ ಪೇಡೆ ಹಂಚಿದರು. ಮನುಷ್ಯರಿಗೆ ಯಾವಾಗ ಸಿಗುತ್ತದೆಂದು ಅವನು ಕೇಳಿದ. ಹತ್ತು ವರ್ಷವಾದರೂ ಬೇಕು, ಸಿಗದೆಯೂ ಇರಬಹುದು ಎಂದ ಮೇಡಂ, ಮೂಳೆಯೊಳಗೆ ರೋಗ ಉಳಿದಿದೆಯೋ ನೋಡಬೇಕು, ಎಲ್ಲವನ್ನೂ ಇವತ್ತೇ ಮುಗಿಸು ಎಂದರು.

ಅವನು ಮುಗಿಸಿದ. ಮರುದಿನ ಕೆಲಸ ಬಿಟ್ಟು ಊರಿನ ಬಸ್ಸು ಹತ್ತಿದ.

"ಮೇಘಾನ ರಕ್ತ ತಗೊಂಡಿದ್ರಲ್ಲ, ಔಷಧ ಸಿಕ್ತೇನು?" ಇಂದುಬಾಯಿ ಕೇಳಿದಳು.

"ಸಿಕ್ತವ್ವ. ಇಲಿಗೋಳಿಗೆ ಆರಾಮಾತು."

"ಅವಾದ್ರೂ ಬದುಕಿದ್ವಲ್ಲ, ಪುಣ್ಯಾ."

"ಇಲ್ಲವ್ವ. ನಾನs ಕೊಂದ್ನಿ. ಆರು ವರ್ಷದಿಂದ ಅದs ಮಾಡಾಕತ್ತಿದ್ನಿ."

ಇಂದುಬಾಯಿ ಎದ್ದಳು. ಅವನು ತುಂಬಿ ತಂದಿಟ್ಟಿದ್ದ ನೀರಿನ ಕೊಡವನ್ನು ಎತ್ತಿ ಹಿತ್ತಲಿಗೆ ಚೆಲ್ಲಿದಳು. ಗೊಮ್ಮಟೇಶ ಹೆದ್ದಾರಿಯ ಬಾಜೂ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೆಲಸಕ್ಕೆ ನಿಂತ. ತಾಯಿ ಎರಡು ಹೊತ್ತೂ ಬಡಿಸಿದಳು. ತಾನು ಸಾಯುವವರೆಗೂ ಅವನ ಕೈಯ ನೀರು ಮಾತ್ರ ಕುಡಿಯಲಿಲ್ಲ.